ಕಾರು ಮಾರ್ಪಾಡಿನ ಹವ್ಯಾಸದಿಂದ ಬಿಡಿಭಾಗಗಳ ಉದ್ಯಮಕ್ಕೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆಯ ಕಡೆ ಜೀಪು, ಜಿಪ್ಸಿ, ಥಾರ್‌ಗಳನ್ನು ಸ್ವಂತ ಕೈಯಿಂದ ಬಿಚ್ಚಿ ಜೋಡಿಸಿ ತಮಗೆ ಬೇಕಾದಂತೆ ಮಾಡಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗೆ, ತಾವು ಮಾಡಿದ ಬಿಡಿಭಾಗಗಳನ್ನು ಬೇರೆಯವರಿಗೂ ಮಾಡಿಕೊಟ್ಟು ಅದನ್ನೇ ಜೀವನೋಪಾಯವಾಗಿಸಿಕೊಳ್ಳಬಹುದೇ ಎಂಬ ಆಲೋಚನೆ ಬಂದಿರುತ್ತದೆ. ಅಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮತ್ತು ಅವುಗಳಿಗೆ ಉತ್ತರಗಳು ಇಲ್ಲಿವೆ.

ನನ್ನ ಕೆಲಸ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ವ್ಯಾಪಾರ ಶುರು ಮಾಡಲು ಅಷ್ಟು ಸಾಕೇ?

ಸಾಲದು. ಹವ್ಯಾಸದಲ್ಲಿ ಗಾಡಿ ನಿಮ್ಮ ಕಣ್ಣೆದುರಿಗೇ ಇರುತ್ತದೆ; ಬೋಲ್ಟಿನ ತೂತು ಎರಡು ಮಿಲಿಮೀಟರ್ ಆಚೆ ಬಿದ್ದರೆ ಅರ ಹಿಡಿದು ಉಜ್ಜಿ ಸರಿಪಡಿಸುತ್ತೀರಿ, ಬ್ರಾಕೆಟ್ ತಾಗಿದರೆ ಸುತ್ತಿಗೆಯಿಂದ ಸ್ವಲ್ಪ ಬಗ್ಗಿಸುತ್ತೀರಿ. ವ್ಯಾಪಾರಕ್ಕೆ ಇಳಿದ ಮೇಲೆ, ನೀವು ಎಂದೂ ನೋಡದ ಗಾಡಿಗೆ, ನಿಮ್ಮ ಪರಿಚಯವೇ ಇಲ್ಲದ ಮೆಕ್ಯಾನಿಕ್ ಒಬ್ಬರು, ಇನ್ನಾವುದೋ ಊರಿನ ಗ್ಯಾರೇಜಿನಲ್ಲಿ, ನಿಮ್ಮ ಭಾಗವನ್ನು ಅರ ಮುಟ್ಟದೆ ಕೂರಿಸುವಂತಿರಬೇಕು. ಹವ್ಯಾಸಿಗೂ ತಯಾರಕನಿಗೂ ಇರುವ ಅಂತರವೆಲ್ಲ ಇಲ್ಲಿಯೇ ಇದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಆದ್ದರಿಂದ ಮೊದಲ ಪರೀಕ್ಷೆಯನ್ನು ಹೀಗೆ ಮಾಡಿ. ಒಂದೇ ಭಾಗವನ್ನು ಐದು ಮಾಡಿ, ಅದರೊಂದಿಗೆ ಬೋಲ್ಟುಗಳನ್ನೂ ಒಂದು ಪುಟದ ಸೂಚನೆಯನ್ನೂ ಇಟ್ಟು, ನಿಮಗೆ ಸಲುಗೆಯಿಲ್ಲದ ಬೇರೆ ಬೇರೆ ಗ್ಯಾರೇಜುಗಳಿಗೆ ಕೊಡಿ. ಕೂರಿಸುವಾಗ ಅಲ್ಲಿಗೆ ಹೋಗಬೇಡಿ, ಫೋನಿನಲ್ಲಿ ಹೇಳಿಕೊಡಲೂ ಬೇಡಿ. ಐದೂ ಸರಿಯಾಗಿ ಕೂತರೆ ನಿಮ್ಮ ಬಳಿ ಮಾರಬಹುದಾದ ವಸ್ತು ಇದೆ ಎಂದರ್ಥ. ಎರಡು ಕೂರದಿದ್ದರೆ ಡ್ರಾಯಿಂಗನ್ನು ತಿದ್ದಬೇಕು.

ಬೆಂಗಳೂರು ಬಿಟ್ಟು ಇಲ್ಲಿಯೇ ಕುಳಿತು ಮಾಡಿದರೆ ಗಿರಾಕಿಗಳು ಸಿಗುತ್ತಾರೆಯೇ?

ಸಿಗುತ್ತಾರೆ, ಆದರೆ ಬೆಂಗಳೂರಿನ ಗಿರಾಕಿ ಕೇಳುವುದನ್ನೇ ಇಲ್ಲಿಯವರೂ ಕೇಳುತ್ತಾರೆ ಎಂದುಕೊಳ್ಳಬಾರದು. ಇಲ್ಲಿ ಗಾಡಿಯ ಸಾಮರ್ಥ್ಯ ಎಂದರೆ ತೋಟದ ಏರು ಹತ್ತುವುದು, ಕೆಸರಿನಲ್ಲಿ ಹೂತುಕೊಳ್ಳದಿರುವುದು, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಮಳೆಯಲ್ಲಿ ನಿಶ್ಚಿಂತೆಯಿಂದ ಇಳಿಯುವುದು. ಕಾಫಿ ಮತ್ತು ಅಡಿಕೆ ತೋಟಗಳ ಜೀಪುಗಳು ಅಲಂಕಾರಕ್ಕಾಗಿ ಇರುವಂಥವಲ್ಲ; ಅವು ದಿನವೂ ಗೊಬ್ಬರ, ಕೂಲಿಯಾಳು, ಪಂಪ್‌ಸೆಟ್ಟು ಹೊತ್ತು ಓಡಾಡುತ್ತವೆ, ಒಂದು ದಿನ ನಿಂತರೂ ಮಾಲೀಕರಿಗೆ ನಷ್ಟ.

ಇನ್ನೊಂದು ಅನುಕೂಲವೂ ಉಂಟು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮಾರಾಟ ಸಾಮಾನ್ಯ ಗಿರಾಕಿಗಳಿಗೆ 2019ರ ಹೊತ್ತಿಗೆ ನಿಂತುಹೋಯಿತು, ಆದರೆ ಮಲೆನಾಡಿನಲ್ಲಿ ಜಿಪ್ಸಿಗಳು ಇಂದಿಗೂ ದುಡಿಯುತ್ತಿವೆ. ಲೀಫ್ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್, ಅದರ ರಬ್ಬರ್ ಬುಷ್, ಬಾಡಿಯನ್ನು ಚಾಸಿಯ ಮೇಲೆ ಕೂರಿಸುವ ಬಾಡಿ ಮೌಂಟ್, ತುಕ್ಕು ತಿಂದ ಬ್ರಾಕೆಟ್ ಮುಂತಾದವನ್ನು ಒಳ್ಳೆಯ ಗುಣಮಟ್ಟದಲ್ಲಿ ಹೊಸದಾಗಿ ಮಾಡಿಕೊಡುವವರಿಗೆ ಇಂಥ ಹಳೆಯ ಗಾಡಿಗಳು ದೀರ್ಘಕಾಲದ ಮಾರುಕಟ್ಟೆ.

ಹಣದ ಋತುವನ್ನೂ ಗಮನಿಸಿ. ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬರುವ ತಿಂಗಳುಗಳಿಂದ ಮುಂಗಾರಿನ ಮೊದಲಿನವರೆಗೆ ಗಾಡಿಗೆ ಖರ್ಚು ಮಾಡುವವರು ಹೆಚ್ಚು. ಜೂನ್ ಕಳೆದ ಮೇಲೆ ಬರುವುದು ಬಹುಪಾಲು ರಿಪೇರಿ. ಆ ತಿಂಗಳುಗಳನ್ನು ಡ್ರಾಯಿಂಗ್, ಜಿಗ್ (ಪ್ರತಿ ಭಾಗವೂ ಒಂದೇ ಅಳತೆಗೆ ಬರುವಂತೆ ತುಂಡುಗಳನ್ನು ಹಿಡಿದಿಡುವ ಚೌಕಟ್ಟು), ಹೊಸ ಮಾದರಿಗಳ ಕೆಲಸಕ್ಕೆ ಮೀಸಲಿಡುವುದು ಒಳ್ಳೆಯದು.

ಮೊಟ್ಟಮೊದಲು ಯಾವ ಭಾಗವನ್ನು ಕೈಗೆತ್ತಿಕೊಳ್ಳಬೇಕು?

ಮುರಿದರೂ ಯಾರ ಜೀವಕ್ಕೂ ಅಪಾಯವಾಗದ, ಕಳಚಿದರೆ ಗಾಡಿ ಮೊದಲಿನಂತಾಗುವ, ಬೋಲ್ಟಿನಿಂದಲೇ ಕೂರುವ ಭಾಗವನ್ನು ಆರಿಸಿ. ಮಲೆನಾಡಿನ ಮಟ್ಟಿಗೆ ಎಂಜಿನ್ನಿನ ಅಡಿಗೆ ಕಲ್ಲು ಬಂಡೆ ತಾಗದಂತೆ ಕಾಯುವ ಸ್ಕಿಡ್ ಪ್ಲೇಟ್ ಇದಕ್ಕೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ನೋಡಲು ಒಂದು ತಗಡಿನ ತುಂಡು. ಸರಿಯಾಗಿ ಮಾಡಲು ಹೊರಟರೆ ಈ ಕಸುಬಿನ ಅರ್ಧ ಪಾಠಗಳು ಅದರಲ್ಲಿಯೇ ಸಿಗುತ್ತವೆ.

ಒಂದೇ ಮಾದರಿಯ ಕನಿಷ್ಠ ಮೂರು ಗಾಡಿಗಳ ಅಡಿಗೆ ಮಲಗಿ ಅಳತೆ ತೆಗೆಯಿರಿ. ಚಾಸಿಯ ಮುಂದಿನ ಅಡ್ಡಪಟ್ಟಿಯಾದ ಕ್ರಾಸ್‌ಮೆಂಬರಿನ ಎರಡು ತೂತುಗಳ ನಡುವಿನ ಅಂತರ, ಒಮ್ಮೆ ಚರಂಡಿಗೆ ಇಳಿದು ಎದ್ದ ಗಾಡಿಯಲ್ಲಿ ಕೆಲವು ಮಿಲಿಮೀಟರ್ ಬದಲಾಗಿರುವುದು ಸಾಮಾನ್ಯ. ಆದ್ದರಿಂದ 8 ಮಿ.ಮೀ. ಬೋಲ್ಟಿಗೆ ದುಂಡು ತೂತು ಕೊರೆಯುವ ಬದಲು, ಒಂದು ಕಡೆ ದುಂಡಾಗಿಯೂ ಉಳಿದ ಕಡೆ ಉದ್ದನೆಯ ಸ್ಲಾಟ್ ಆಗಿಯೂ ಇಟ್ಟು, ಮೇಲೆ ದಪ್ಪನೆಯ ಅಗಲ ವಾಷರ್ ಕೊಟ್ಟರೆ ಆ ವ್ಯತ್ಯಾಸ ಅಡಗುತ್ತದೆ. ಆಯಿಲ್ ಬದಲಿಸಲು ಡ್ರೈನ್ ಪ್ಲಗ್ಗಿನ ನೇರಕ್ಕೆ ಕಿಂಡಿ ಬೇಕು. ಅದು ಕಿರಿದಾದರೆ ಹಳೆಯ ಆಯಿಲೆಲ್ಲ ಪ್ಲೇಟಿನ ಒಳಗೇ ಹರಡುತ್ತದೆ. ಇಲ್ಲಿಯ ಕೆಮ್ಮಣ್ಣು ಪ್ಲೇಟಿಗೂ ಎಂಜಿನ್ ಆಯಿಲ್ ನಿಲ್ಲುವ ತೊಟ್ಟಿಯಾದ ಆಯಿಲ್ ಸಂಪಿಗೂ ನಡುವೆ ಮೆತ್ತಿಕೊಂಡು ಒಣಗಿ ಗಟ್ಟಿಯಾದರೆ ಬಿಸಿ ಹೊರಹೋಗದು, ತೇವವೂ ಆರದು. ಪೈಪಿನ ನೀರು ಬಿಟ್ಟರೆ ಮಣ್ಣು ತೊಳೆದು ಹೋಗುವಂತೆ ಹಿಂಬದಿಯಲ್ಲಿ ಅಗಲವಾದ ಕಿಂಡಿಗಳಿರಬೇಕು. ಕೊನೆಯಲ್ಲಿ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗಲೂ ಪೂರ್ತಿ ಇಳಿದಾಗಲೂ ಯಾವ ರಾಡೂ ಪ್ಲೇಟಿಗೆ ತಾಗದಂತೆ ನೋಡಿಕೊಳ್ಳಿ.

ಬ್ರೇಕ್, ಸ್ಟಿಯರಿಂಗ್, ಚಕ್ರದ ಹಬ್, ಸೀಟ್ ಬೆಲ್ಟ್ ಇವುಗಳಿಗೆ ಸಂಬಂಧಿಸಿದ ಭಾಗಗಳನ್ನು ಸಣ್ಣ ಶೆಡ್ಡಿನಲ್ಲಿ ತಯಾರಿಸಬೇಡಿ. ಘಾಟಿ ಇಳಿಯುವಾಗ ಬ್ರೇಕ್ ಕೈಕೊಡುತ್ತದೆ ಎಂದು ಬರುವ ಗಿರಾಕಿಗೆ ಹೊಸ ಡಿಸ್ಕಿಗಿಂತ ಮೊದಲು ಬೇಕಾಗಿರುವುದು ಹೊಸ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ಗಾಳಿಯ ತೇವ ಹೀರಿಕೊಂಡ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕಡೆಯ ತೇವದ ಹವೆಗೆ ಇದನ್ನು ತಿಳಿಸಿಹೇಳುವುದೇ ದೊಡ್ಡ ಸೇವೆ.

ಗಾಡಿ ಮಾರ್ಪಡಿಸುವುದೇ ಕಾನೂನುಬಾಹಿರ ಎನ್ನುತ್ತಾರಲ್ಲ?

ಎಲ್ಲ ಮಾರ್ಪಾಡೂ ಅಲ್ಲ, ಆದರೆ ಗೆರೆ ಎಲ್ಲಿದೆ ಎಂಬುದನ್ನು ಈ ಉದ್ಯಮಕ್ಕೆ ಬರುವವರು ಬಾಯಿಪಾಠ ಮಾಡಿಕೊಂಡಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಸೂಚಿಸಿದ ಹಾಗೂ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. ಬದಲಾವಣೆ ಎಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಮಾರ್ಪಾಡು ಎಂದು ಅಲ್ಲಿಯೇ ವಿವರಣೆಯಿದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ತಯಾರಕರಾಗಿ ನಿಮಗೆ ಇನ್ನೂ ಮುಖ್ಯವಾದ ಮಾತು ಅದೇ ಕಲಮಿನಲ್ಲಿದೆ: ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರಕಾರ ಅಧಿಸೂಚಿಸಿದ ಭಾಗವನ್ನು ನಿಯಮ ಮೀರಿ ಮಾರಿದವರಿಗೆ ಒಂದು ವರ್ಷದವರೆಗಿನ ಸಜೆ, ಅಥವಾ ಅಂಥ ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಬೀಳಬಹುದು. ಪ್ರತಿ ಭಾಗಕ್ಕೆ ಎಂಬ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ.

ಈ ದೃಷ್ಟಿಯಿಂದ ಎಂಜಿನ್ ಬದಲಿಸುವುದು, ಚಾಸಿ ಕತ್ತರಿಸುವುದು, ಬಾಡಿಯ ಆಕಾರ ಬದಲಿಸುವುದು ನಿಮ್ಮ ಪಟ್ಟಿಯಲ್ಲಿ ಇರಲೇಬಾರದು. ಮುಂಭಾಗದ ದಪ್ಪ ಕ್ರ್ಯಾಶ್ ಗಾರ್ಡ್‌ಗೆ ಹಳ್ಳಿಯ ಕಡೆ ಬೇಡಿಕೆ ಬಹಳ, ಆದರೆ ಅದರ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಹೊಡೆತವನ್ನು ಹೀರಲೆಂದು ಕುಗ್ಗಬೇಕಾದ ಮುಂಭಾಗವನ್ನು ಅದು ಕುಗ್ಗಗೊಡುವುದಿಲ್ಲ, ಏರ್‌ಬ್ಯಾಗ್ ತೆರೆದುಕೊಳ್ಳುವ ವೇಳೆಯನ್ನೂ ಕೆಡಿಸಬಹುದು, ದಾರಿಹೋಕರಿಗೆ ತಗುಲಿದರೆ ಪೆಟ್ಟು ಹೆಚ್ಚು. ಗಿರಾಕಿ ಎಷ್ಟೇ ಒತ್ತಾಯಿಸಿದರೂ ಮಾಡಿಕೊಡಬೇಡಿ. ಸಂದೇಹವಿರುವ ಭಾಗದ ವಿಚಾರದಲ್ಲಿ ಆರ್‌ಟಿಒ ಕಚೇರಿಗೆ ಡ್ರಾಯಿಂಗ್ ಸಮೇತ ಹೋಗಿ ಲಿಖಿತವಾಗಿ ಕೇಳುವುದು ಉತ್ತಮ.

ಜೋರು ಶಬ್ದದ ಸೈಲೆನ್ಸರ್ ಮಾಡಿಕೊಡಬಹುದೇ?

ರಸ್ತೆಯಲ್ಲಿ ಓಡುವ ಗಾಡಿಗೆ ಬೇಡ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿಯನ್ನು ಓಡಿಸುವವರಿಗೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 10,000 ರೂಪಾಯಿವರೆಗಿನ ದಂಡವೂ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ. 2020ರ ಏಪ್ರಿಲಿನಿಂದ ಬಂದ, ಬಿಎಸ್ 6 ಎಂಬ ಹೊಗೆ ಮಿತಿಯ ಮಾನದಂಡಕ್ಕೆ ಒಳಪಟ್ಟ ಗಾಡಿಗಳಲ್ಲಿ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸೆನ್ಸರುಗಳನ್ನೂ ಕಿತ್ತರೆ ಎಂಜಿನ್ನಿನ ಲೆಕ್ಕಾಚಾರವೇ ತಪ್ಪುತ್ತದೆ.

ರ್‍ಯಾಲಿ ಗಾಡಿಗಳಿಗೆ ಭಾಗ ಮಾಡಿಕೊಡುವ ಆಸೆಯಿದೆ. ಅದು ಬೇರೆಯೇ ಕ್ಷೇತ್ರವೇ?

ಬೇರೆಯೇ, ಮತ್ತು ನಿಜವಾದ ಕುಶಲಕರ್ಮಿಗೆ ಅತ್ಯಂತ ತೃಪ್ತಿ ಕೊಡುವ ಕ್ಷೇತ್ರ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿವೆ. ಆ ಗಾಡಿಗಳನ್ನು ಹತ್ತಿರದಿಂದ ನೋಡುವ ಅವಕಾಶ ಮಲೆನಾಡಿನವರಿಗೆ ಸುಲಭವಾಗಿ ಸಿಗುತ್ತದೆ. ಸ್ಪರ್ಧೆಯ ಗಾಡಿಗೆ ಭಾರತದ ಮೋಟಾರ್ ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಗಳು ಅನ್ವಯಿಸುತ್ತವೆ, ಸುರಕ್ಷತೆಯ ವಿಚಾರದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಮಾನದಂಡಗಳು ಆಧಾರ.

ಗಾಡಿ ಮಗುಚಿದಾಗ ಒಳಗಿರುವವರನ್ನು ಕಾಯುವ ಕೊಳವೆಗಳ ಪಂಜರವಾದ ರೋಲ್ ಕೇಜನ್ನೇ ತೆಗೆದುಕೊಳ್ಳಿ. ಎಫ್‌ಐಎ ಪ್ರಕಾರ ಕೊಳವೆಯು ಬೆಸುಗೆಯ ಗೆರೆಯಿಲ್ಲದ, ತಣ್ಣಗೆ ಎಳೆದು ಮಾಡಿದ ಕಾರ್ಬನ್ ಉಕ್ಕಿನದಾಗಿರಬೇಕು, ಕರ್ಷಣ ಬಲ (ಎಳೆತವನ್ನು ತಾಳುವ ಶಕ್ತಿ) ಕನಿಷ್ಠ 350 ಮೆಗಾಪ್ಯಾಸ್ಕಲ್ ಇರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ. ಅಂಗಡಿಯಲ್ಲಿ ಗೇಟು, ಕಿಟಕಿಗೆಂದು ಸಿಗುವ ಪೈಪು ಇದೇ ಅಳತೆಯದಾಗಿದ್ದರೂ ಈ ಕೆಲಸಕ್ಕೆ ಬಾರದು, ಏಕೆಂದರೆ ಗಾಡಿ ಮಗುಚಿದಾಗ ಅದರ ಬೆಸುಗೆಯ ಗೆರೆಯೇ ಮೊದಲು ಸೀಳಬಹುದು. ಕೊಳವೆಯ ಜೊತೆ ಅದನ್ನು ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪತ್ರವನ್ನು ಕೇಳಿ ಪಡೆದು, ಆ ಗಾಡಿಯ ಕಡತದಲ್ಲಿ ಇಡಿ. ನುರಿತವರ ಕೈಕೆಳಗೆ ಕೆಲವು ಕಾಲ ಕೆಲಸ ಮಾಡದೆ ಇದಕ್ಕೆ ಕೈಹಾಕಬಾರದು. ಸ್ಪರ್ಧೆಗೆಂದು ಮಾಡಿದ ಭಾಗವನ್ನು ರಸ್ತೆಯ ಗಾಡಿಗೆ ಮಾರಬಾರದು ಎಂಬುದೂ ನೆನಪಿರಲಿ.

ಉಕ್ಕೋ, ಅಲ್ಯೂಮಿನಿಯಮ್ಮೋ?

ಕೆಲಸವನ್ನು ನೋಡಿ ಹೇಳಬೇಕು. 60 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಸ್ಕಿಡ್ ಪ್ಲೇಟ್ 3 ಮಿ.ಮೀ. ಉಕ್ಕಿನಲ್ಲಿ ಸುಮಾರು 7 ಕಿಲೋ ತೂಗುತ್ತದೆ, 4 ಮಿ.ಮೀ. ಅಲ್ಯೂಮಿನಿಯಮ್ಮಿನಲ್ಲಿ ಸುಮಾರು ಮೂರೂಕಾಲು ಕಿಲೋ. ಆದರೆ ಬಂಡೆಯ ಮೇಲೆ ಉಜ್ಜಿದಾಗ ಉಕ್ಕು ಜಾರುತ್ತದೆ, ಅಲ್ಯೂಮಿನಿಯಂ ಕೆರೆದುಕೊಂಡು ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮನ್ನು ಬಗ್ಗಿಸಬೇಕಾದಲ್ಲಿ 5052 ದರ್ಜೆ ಕೇಳಿ. 6061-ಟಿ6 ದರ್ಜೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದಲ್ಲಿ ಕಡೆಯಲು ಸೊಗಸು, ಆದರೆ ಕಿರಿದಾದ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಬೋಲ್ಟ್ 8.8 ಬಲದ ದರ್ಜೆಯದಿರಲಿ. ಅಲ್ಯೂಮಿನಿಯಂ ಉಕ್ಕಿಗೆ ತಾಗುವಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆಯುವುದರಿಂದ ನಡುವೆ ನೈಲಾನ್ ಅಥವಾ ರಬ್ಬರಿನ ವಾಷರ್ ಕೊಡಬೇಕು.

ಈ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಗೆ ದೊಡ್ಡ ಆಸ್ತಿಯೊಂದಿದೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1923ರಲ್ಲಿ ಆರಂಭವಾದದ್ದು. ಅಲ್ಲಿ ದುಡಿದು ನಿವೃತ್ತರಾದವರಲ್ಲಿ ಮಿಶ್ರಲೋಹ, ಶಾಖೋಪಚಾರ, ಪರೀಕ್ಷೆಗಳನ್ನು ಬಲ್ಲ ಹಿರಿಯರು ಇಂದಿಗೂ ಊರಿನಲ್ಲಿದ್ದಾರೆ. ಮುರಿದ ಭಾಗವೊಂದನ್ನು ಅವರ ಮುಂದಿಟ್ಟು ವಿನಯದಿಂದ ಕೇಳಿ ನೋಡಿ. ಮುರಿದ ಮುಖವನ್ನು ಬೆಳಕಿಗೆ ಹಿಡಿದು, ಇದು ಒಂದೇ ಏಟಿಗೆ ಮುರಿದದ್ದೋ, ತಿಂಗಳುಗಟ್ಟಲೆ ಅದುರಿ ಸ್ವಲ್ಪ ಸ್ವಲ್ಪವೇ ಸೀಳಿದ್ದೋ ಎಂದು ಅವರು ಹೇಳುವುದನ್ನು ಕೇಳುವುದೇ ಒಂದು ಶಿಕ್ಷಣ.

ಯಂತ್ರಗಳನ್ನೆಲ್ಲ ಮೊದಲೇ ಕೊಳ್ಳಬೇಕೇ?

ಖಂಡಿತ ಬೇಡ. ಲೇಸರ್ ಕಟಿಂಗ್, ಬೆಂಡಿಂಗ್, ಸಿಎನ್‌ಸಿ, ಪೌಡರ್ ಕೋಟಿಂಗ್ (ಪುಡಿಯ ಬಣ್ಣವನ್ನು ಬಿಸಿಯಲ್ಲಿ ಅಂಟಿಸುವುದು) ಎಲ್ಲವನ್ನೂ ಜಾಬ್ ವರ್ಕ್ ಆಗಿ, ಅಂದರೆ ಕೂಲಿ ಕೊಟ್ಟು ಬೇರೆಯವರ ಯಂತ್ರದಲ್ಲಿ, ಮಾಡಿಸಬಹುದು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳೂ ಮಷಿನ್ ಶಾಪುಗಳೂ ಇವೆ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಲೇಥ್ ಮತ್ತು ವೆಲ್ಡಿಂಗ್ ಕೈಗಳಿವೆ, ಇಲ್ಲಿ ಆಗದ್ದು ಬೆಂಗಳೂರಿನ ಪೀಣ್ಯದಲ್ಲಿ ಆಗುತ್ತದೆ. ನೀವು ಕೊಳ್ಳಬೇಕಾದದ್ದು ಒಳ್ಳೆಯ ವರ್ನಿಯರ್, ಮೈಕ್ರೋಮೀಟರ್, ಟಾರ್ಕ್ ರೆಂಚ್, ಒಂದು ಟಿಗ್ ವೆಲ್ಡಿಂಗ್ ಸೆಟ್ ಮತ್ತು ಡ್ರಾಯಿಂಗ್ ಮಾಡಲು ಕಂಪ್ಯೂಟರ್. ರಟ್ಟಿನಲ್ಲಿ ಕತ್ತರಿಸಿ ಗಾಡಿಗೆ ಹಿಡಿದು ನೋಡುವ ಹಳೆಯ ಪದ್ಧತಿಯನ್ನು ಬಿಡಬೇಡಿ, ಆದರೆ ಆ ರಟ್ಟು ಕೊನೆಗೆ ಅಳತೆಯಿರುವ ಡ್ರಾಯಿಂಗ್ ಆಗಲೇಬೇಕು. ಹಣ ಕೂಡಿದಾಗ ಮೊದಲು ವೆಲ್ಡಿಂಗ್ ಜಿಗ್ ಮಾಡಿಸಿ. ಅದಿಲ್ಲದೆ ಹತ್ತನೆಯ ಭಾಗ ಮೊದಲನೆಯದರಂತೆ ಬರುವುದಿಲ್ಲ. ದೊಡ್ಡ ಯಂತ್ರ ಇಡುವ ಕಾಲಕ್ಕೆ ಮೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ, ಪಾಲಿಕೆ ಅಥವಾ ಪಂಚಾಯಿತಿಯ ಲೈಸೆನ್ಸ್ ಬೇಕಾಗುತ್ತದೆ.

ಮಳೆಗಾಲದಲ್ಲಿ ಕೆಲಸದ ಗುಣಮಟ್ಟ ಕೆಡದಂತೆ ಹೇಗೆ?

ಆಷಾಢದ ಮಳೆಯಲ್ಲಿ ಸಂಜೆ ಉಜ್ಜಿ ಹೊಳಪು ಮಾಡಿಟ್ಟ ಉಕ್ಕಿನ ತಗಡು ಬೆಳಗಾಗುವುದರೊಳಗೆ ತೆಳ್ಳಗೆ ಕೆಂಪಾಗಿರುತ್ತದೆ. ಕಣ್ಣಿಗೆ ಕಾಣದಷ್ಟಿದ್ದರೂ ಅದರ ಮೇಲೆ ಪೌಡರ್ ಕೋಟಿಂಗ್ ಮಾಡಿಸಿದರೆ, ಆ ಹೊತ್ತಿಗೆ ಚೆಂದ ಕಂಡು, ಮುಂದಿನ ಮಳೆಗೆ ಮಡಿಕೆಯ ಒಳಬದಿಯಿಂದ ಗುಳ್ಳೆ ಎದ್ದು ಹಾಳೆಯಂತೆ ಸುಲಿಯುತ್ತದೆ. ಆದ್ದರಿಂದ ಉಜ್ಜಿ ಸ್ವಚ್ಛಗೊಳಿಸುವುದು, ಕೋಟಿಂಗ್ ಹಿಡಿಯುವಂತೆ ಫಾಸ್ಫೇಟ್ ದ್ರಾವಣದ ಲೇಪ ಕೊಡುವುದು, ಕೋಟಿಂಗ್ ಇವು ಒಂದೇ ದಿನ ನಡೆಯಬೇಕು. ಸಾಧ್ಯವಾಗದಿದ್ದರೆ ಎಣ್ಣೆ ಸವರಿ ಇಟ್ಟು ಮಾರನೆಯ ದಿನ ಮೊದಲಿನಿಂದ ಶುರು ಮಾಡಬೇಕು. ಲೋ ಹೈಡ್ರೋಜನ್ ವೆಲ್ಡಿಂಗ್ ರಾಡುಗಳನ್ನು ಓವನ್ನಿನಲ್ಲಿ ಒಣಗಿಸದೆ ಬಳಸಬಾರದು.

ಬೆಲೆ ಹೇಗೆ ಕಟ್ಟಬೇಕು?

ಹೆಚ್ಚಿನವರು ಸೋಲುವುದು ಇಲ್ಲಿ. ಒಂದು ಸ್ಕಿಡ್ ಪ್ಲೇಟಿಗೆ ಲೋಹ 700, ಲೇಸರ್ ಮತ್ತು ಬೆಂಡಿಂಗ್ 600, ವೆಲ್ಡಿಂಗ್ 300, ಕೋಟಿಂಗ್ 400, ಬೋಲ್ಟು 150, ಪ್ಯಾಕಿಂಗ್ 150 ರೂಪಾಯಿ ಆಯಿತು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಒಟ್ಟು 2,300. ಇದಕ್ಕೆ 500 ಸೇರಿಸಿ 2,800ಕ್ಕೆ ಮಾರಿ ಲಾಭವಾಯಿತು ಎಂದುಕೊಳ್ಳುತ್ತಾರೆ. ಆದರೆ ನಿಮ್ಮ ಸ್ವಂತ ದುಡಿಮೆ 300, ಶೆಡ್ಡಿನ ಬಾಡಿಗೆ ಮತ್ತು ಕರೆಂಟಿನ ಪಾಲು 250, ಕೆಟ್ಟುಹೋದ ಮತ್ತು ಹಿಂತಿರುಗಿ ಬಂದ ಭಾಗಗಳ ಪಾಲು 150 ಸೇರಿದರೆ ನಿಜವಾದ ಖರ್ಚು 3,000. ಅಂದರೆ ಪ್ರತಿ ಪ್ಲೇಟಿನಲ್ಲೂ 200 ರೂಪಾಯಿ ಕೈಯಿಂದ ಹೋಯಿತು. ಖರ್ಚಿನ ಮೇಲೆ ಶೇ. 30 ಇಟ್ಟರೆ 3,900, ಶೇ. 18 ಜಿಎಸ್‌ಟಿ ಸೇರಿ 4,602. ಅಂಗಡಿಯವರಿಗೆ ಮಾರಾಟ ಬೆಲೆಯ ಶೇ. 20 ಬಿಟ್ಟುಕೊಡಬೇಕಾದರೆ ತೆರಿಗೆಗೆ ಮುಂಚಿನ ಬೆಲೆಯೇ 4,875 ಆಗಬೇಕು. ಅಷ್ಟು ಬೆಲೆಗೆ ಅದು ಹೋಗುವುದಿಲ್ಲ ಎನಿಸಿದರೆ ಆ ಭಾಗವನ್ನೇ ಕೈಬಿಡಿ. ಗೆಳೆಯರಿಗೂ ಬಿಲ್ ಕೊಡಿ, ಒಬ್ಬರಿಗಾಗಿಯೇ ಮಾಡುವ ಕೆಲಸಕ್ಕೆ ಅರ್ಧದಷ್ಟು ಅಡ್ವಾನ್ಸ್ ಪಡೆಯಿರಿ.

ನೋಂದಣಿ, ತೆರಿಗೆ, ಸಾಲ?

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ, ಮೊದಲ ದಿನವೇ ಮಾಡಿಕೊಳ್ಳಿ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಕೇರಳಕ್ಕೋ ಗೋವಾಕ್ಕೋ ಒಂದು ಭಾಗ ಮಾರಿದರೂ ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ವಾಹನ ಬಿಡಿಭಾಗಗಳಿಗೂ ಶೇ. 18ರ ಒಂದೇ ದರ. ಸಾಲಕ್ಕೆ ಮುದ್ರಾ ಯೋಜನೆಯಿದೆ. ತಯಾರಿಕಾ ಘಟಕಕ್ಕೆ ಸಹಾಯಧನ ಕೊಡುವ ಪಿಎಂಇಜಿಪಿಯ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಸದ್ಯದ ಷರತ್ತುಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ.

ಕಾರು ಕಂಪನಿಯ ಹೆಸರನ್ನು ನನ್ನ ಭಾಗದ ಮೇಲೆ ಹಾಕಬಹುದೇ?

ಇಂಥ ಗಾಡಿಗೆ ಹೊಂದುತ್ತದೆ ಎಂದು ಪ್ರಾಮಾಣಿಕವಾಗಿ ತಿಳಿಸಲು ಹೆಸರು ಬಳಸಬಹುದು. ಅವರ ಲಾಂಛನ ಕೆತ್ತುವುದು, ಅವರದೇ ಭಾಗವೆಂಬ ಭ್ರಮೆ ಹುಟ್ಟಿಸುವುದು ಟ್ರೇಡ್‌ಮಾರ್ಕ್ ಉಲ್ಲಂಘನೆ. ನಿಮ್ಮದೇ ಹೆಸರನ್ನು ನೋಂದಾಯಿಸಿಕೊಳ್ಳಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನೋಂದಣಿ ಹತ್ತು ವರ್ಷ ಇರುತ್ತದೆ.

ನಾನು ಮಾರಿದ ಭಾಗದಿಂದ ತೊಂದರೆಯಾದರೆ ಹೊಣೆ ಯಾರದು?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ತಯಾರಿಕೆಯ ದೋಷ, ವಿನ್ಯಾಸದ ದೋಷ ಮಾತ್ರವಲ್ಲದೆ, ಸರಿಯಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆ ಕೊಡದಿದ್ದುದಕ್ಕೂ ತಯಾರಕರೇ ಹೊಣೆ. ಹಾಗಾಗಿ ಸೂಚನಾ ಪತ್ರ ಕನ್ನಡದಲ್ಲಿಯೂ ಇರಲಿ, ಬೋಲ್ಟನ್ನು ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕು, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಪರೀಕ್ಷಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಗಾಡಿಗೆ ಏನನ್ನು ಸೇರಿಸಿದ್ದಾರೆಂಬುದನ್ನು ವಿಮಾ ಕಂಪನಿಗೆ ತಿಳಿಸುವಂತೆ ಗಿರಾಕಿಗೆ ಬರೆದೇ ಹೇಳಿ, ಇಲ್ಲವಾದರೆ ಮುಂದೆ ಕ್ಲೇಮಿನ ಸಮಯದಲ್ಲಿ ತಕರಾರು ಬರಬಹುದು.

ಪ್ರತಿ ಭಾಗದ ಮೇಲೂ ಬ್ಯಾಚ್ ಸಂಖ್ಯೆ ಒತ್ತಿ, ಯಾವ ಲೋಹ, ಯಾರು ವೆಲ್ಡ್ ಮಾಡಿದರು, ಯಾವ ಗಾಡಿಗೆ ಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದರಲ್ಲಿ ಬಿರುಕು ಕಂಡರೆ ಅದೇ ಬ್ಯಾಚಿನ ಉಳಿದೆಲ್ಲ ಗಿರಾಕಿಗಳಿಗೂ ಅಂದೇ ಫೋನ್ ಮಾಡಿ, ಭಾಗವನ್ನು ನಿಮ್ಮ ಖರ್ಚಿನಲ್ಲಿ ವಾಪಸು ತರಿಸಿಕೊಳ್ಳಿ. ಸಣ್ಣ ಊರಿನಲ್ಲಿ ಮುರಿದ ಭಾಗದ ಸುದ್ದಿ ಬೇಗ ಹರಡುತ್ತದೆ, ತಾನಾಗಿಯೇ ಕರೆದು ಬದಲಿಸಿಕೊಟ್ಟವರ ಸುದ್ದಿಯೂ ಅಷ್ಟೇ ಬೇಗ ಹರಡುತ್ತದೆ.

ಈಗಿರುವ ನೌಕರಿಯನ್ನು ಬಿಡಬೇಕೇ?

ಈಗಲೇ ಬೇಡ. ಒಂದು ಇಡೀ ವರ್ಷ, ಅಂದರೆ ಒಂದು ಅಡಿಕೆ ಕೊಯ್ಲೂ ಒಂದು ಮಳೆಗಾಲವೂ ಕಳೆಯುವವರೆಗೆ ಎರಡನ್ನೂ ನಡೆಸಿ ಲೆಕ್ಕ ಇಡಿ. ಮಳೆಗಾಲದ ನಾಲ್ಕು ತಿಂಗಳ ಮನೆಖರ್ಚನ್ನು ಉಳಿದ ಎಂಟು ತಿಂಗಳ ಲಾಭವೇ ತುಂಬಿಕೊಡುವಂತಾದ ವರ್ಷ, ಮನೆಯವರ ಮುಂದೆ ಆ ಲೆಕ್ಕದ ಪುಸ್ತಕವನ್ನಿಟ್ಟು ತೀರ್ಮಾನ ಮಾಡಿ.